ಮುಪ್ಪೋ, ಹಾರ್ಮೋನಿನ ಕೊರತೆಯೋ?

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಕುಂಸಿ ಸಿಕ್ಕುತ್ತದೆ. ಇತ್ತ ಬಯಲುಸೀಮೆಯೂ ಅಲ್ಲ, ಅತ್ತ ಪೂರ್ಣ ಮಲೆನಾಡೂ ಅಲ್ಲ ಎನ್ನುವಂಥ ಊರು. ಇಂಥ ಊರಿನಲ್ಲಿ ಐವತ್ತೆರಡು ವರ್ಷದ ಗೃಹಸ್ಥರೊಬ್ಬರಿದ್ದಾರೆಂದು ಭಾವಿಸೋಣ. ಮೂರು ನಾಲ್ಕು ವರ್ಷಗಳ ಹಿಂದೆ ಗದ್ದೆಯ ಕೆಲಸ ಮುಗಿಸಿ ಬಂದರೂ ದಣಿವೆಂಬುದನ್ನು ಅರಿಯದಿದ್ದ ಅವರಿಗೆ ಈಗ ಮಧ್ಯಾಹ್ನವಾಗುವಷ್ಟರಲ್ಲಿ ಮೈ ಭಾರವಾಗುತ್ತದೆ, ರಾತ್ರಿ ನಿದ್ದೆ ಸರಿಯಾಗಿ ಬರದು, ಸಣ್ಣ ಮಾತಿಗೂ ರೇಗುತ್ತಾರೆ, ಯಾವುದರಲ್ಲಿಯೂ ಉತ್ಸಾಹವಿಲ್ಲ. ನೆರೆಯವರನ್ನು ಕೇಳಿದರೆ, "ವಯಸ್ಸಾಯಿತಲ್ಲ ಮಾರಾಯ್ರೆ, ಇನ್ನೇನು!" ಎನ್ನುತ್ತಾರೆ. ಪಟ್ಟಣದಲ್ಲಿ ಓದುತ್ತಿರುವ ಮಗ ಎಲ್ಲೋ ಜಾಹೀರಾತೊಂದನ್ನು ಕಂಡು, "ಅಪ್ಪ, ಇದು ಆಂಡ್ರೋಪಾಸ್ ಅಂತೆ. ಹೆಂಗಸರಿಗೆ ಮುಟ್ಟು ನಿಲ್ಲುವಂತೆ ಗಂಡಸರಿಗೂ ಒಂದು ಕಾಲ ಬರುತ್ತದಂತೆ, ಅದಕ್ಕೆ ಇಂಜೆಕ್ಷನ್ ಇದೆಯಂತೆ" ಎನ್ನುತ್ತಾನೆ.

ನೆರೆಯವರ ಮಾತು ನಿಜವೋ, ಮಗನ ಮಾತು ನಿಜವೋ? ಇವೆರಡನ್ನೂ ಬಿಟ್ಟು ಮೂರನೆಯದೊಂದು ಇದ್ದೀತೋ? ನಮ್ಮ ತರುಣ ವಾಚಕರಲ್ಲಿ ಬಹುಮಂದಿಯ ತಂದೆಯವರು ಇದೇ ವಯಸ್ಸಿನ ಆಸುಪಾಸಿನಲ್ಲಿರುವವರು. ಆದುದರಿಂದ ಈ ಪ್ರಶ್ನೆ ಮುದುಕರಿಗೆ ಮಾತ್ರ ಸೇರಿದುದೆಂದು ತಿಳಿಯಬೇಕಾಗಿಲ್ಲ.

ಮೊದಲು ಹೆಸರಿನ ವಿಚಾರ. ಸ್ತ್ರೀಯ ಅಂಡಾಶಯದಲ್ಲಿ ಅಂಡಗಳ ಸಂಗ್ರಹ ಹುಟ್ಟುವಾಗಲೇ ನಿಗದಿಯಾಗಿರುತ್ತದೆ, ಹೊಸದಾಗಿ ಸೇರುವುದಿಲ್ಲ. ಆ ಸಂಗ್ರಹ ತೀರುತ್ತ ಬಂದಂತೆ, ಭಾರತದ ಸ್ತ್ರೀಯರಲ್ಲಿ ಸಾಮಾನ್ಯವಾಗಿ ನಲವತ್ತಾರು ನಲವತ್ತೇಳರ ಸುಮಾರಿಗೆ, ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜನ್ ಎಂಬ ಹಾರ್ಮೋನು ಕೆಲವೇ ವರ್ಷಗಳಲ್ಲಿ ಕಡಿದಾಗಿ ಇಳಿದುಬಿಡುತ್ತದೆ. ಇದು ಪ್ರತಿಯೊಬ್ಬ ಸ್ತ್ರೀಗೂ ಬರುವ ಘಟ್ಟ. ಇಂಥ ವರ್ಷದಲ್ಲಿ ಬಂದಿತೆಂದು ಹೇಳಬಹುದು. ಪುರುಷನಲ್ಲಿ ಇಂಥ ಗಡಿರೇಖೆ ಯಾವುದೂ ಇಲ್ಲ. ವೃಷಣಗಳು ರೇತಸ್ಸಿನ ಜೀವಾಣುಗಳನ್ನು ಹೊಸದಾಗಿ ಹುಟ್ಟಿಸುತ್ತಲೇ ಇರುತ್ತವೆ, ಎಪ್ಪತ್ತರಲ್ಲಿ ತಂದೆಯಾದವರುಂಟು. ಟೆಸ್ಟೋಸ್ಟೆರೋನ್ ಎಂಬ ಪುರುಷ ಹಾರ್ಮೋನು ಮೂವತ್ತು ನಲವತ್ತು ವರ್ಷಗಳಿಂದಾಚೆಗೆ ವರ್ಷಕ್ಕೆ ನೂರಕ್ಕೆ ಒಂದರಂತೆ, ಕೆಲವರಲ್ಲಿ ಒಂದೂವರೆಯಂತೆ, ಮೆಲ್ಲಗೆ ಇಳಿಯುತ್ತದೆ. ಒಂದು ಘಾಟಿಯ ಇಳಿಜಾರು. ಇನ್ನೊಂದು ಗದ್ದೆಬಯಲಿನ ಕಣ್ಣಿಗೆ ಕಾಣದ ವಾಟ. ಎರಡಕ್ಕೂ ಒಂದೇ ಹೆಸರಿಟ್ಟವರು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚಾಗಿ ಮಾಡಿದ್ದಾರೆಂದು ನಮಗೆ ತೋರುತ್ತದೆ. ವೈದ್ಯರು ಈಗ 'ತಡವಾಗಿ ತೋರುವ ವೃಷಣ ಹಾರ್ಮೋನಿನ ಕೊರತೆ' ಎಂಬ ಅರ್ಥದ ಹೆಸರನ್ನು ಬಳಸುತ್ತಾರೆ. ಉದ್ದವಾದರೂ ಅದೇ ಸರಿಯಾದ ಹೆಸರು.

ವೃಷಣಗಳಿಗೂ ದೇಹದ ಕಸುವಿಗೂ ಸಂಬಂಧವುಂಟೆಂಬುದನ್ನು ನಮ್ಮ ರೈತರಿಗೆ ಯಾವ ವಿಜ್ಞಾನಿಯೂ ಬಂದು ಹೇಳಬೇಕಾಗಿರಲಿಲ್ಲ. ಹೋರಿಯ ಬೀಜ ಒಡೆಸಿದರೆ ಅದು ಎತ್ತಾಗುತ್ತದೆ. ಹಿಣಿಲು ಬೆಳೆಯುವುದು ನಿಲ್ಲುತ್ತದೆ, ರೋಷ ಇಳಿಯುತ್ತದೆ, ನೊಗಕ್ಕೆ ಕೊರಳು ಕೊಡುತ್ತದೆ. ಇದರ ಕಾರಣವನ್ನು ಪ್ರಯೋಗದಿಂದ ತೋರಿಸಿಕೊಟ್ಟವನು ಜರ್ಮನಿಯ ಗಟಿಂಗೆನ್ನಿನ ಬರ್ಟ್‌ಹೋಲ್ಡ್. ೧೮೪೯ರಲ್ಲಿ ಆತನು ಹುಂಜದ ಮರಿಗಳ ವೃಷಣಗಳನ್ನು ತೆಗೆದುಹಾಕಿದನು. ಕೆಲವಕ್ಕೆ ಒಂದು ವೃಷಣವನ್ನು ಹೊಟ್ಟೆಯೊಳಗೆ ಬೇರೊಂದೆಡೆ ಇಟ್ಟು ಹೊಲಿದನು. ವೃಷಣವಿಲ್ಲದವು ಜುಟ್ಟು ಬಾಡಿ ಸಪ್ಪಗಾದವು. ಹೊಟ್ಟೆಯಲ್ಲಿ ವೃಷಣವಿಟ್ಟುಕೊಂಡವು ಕೆಂಪು ಜುಟ್ಟು ಬೆಳೆಸಿ ಕೂಗಿದವು, ಕಾದಾಡಿದವು. ಹಳೆಯ ನರಗಳ ಸಂಬಂಧವೆಲ್ಲ ಕಡಿದುಹೋಗಿದ್ದರೂ ಕೆಲಸ ನಡೆಯಿತೆಂದರೆ, ವೃಷಣದಿಂದ ಏನೋ ಒಂದು ದ್ರವ್ಯ ರಕ್ತದಲ್ಲಿ ಸೇರಿ ದೇಹವೆಲ್ಲ ಹರಿಯುತ್ತಿರಬೇಕು.

ಆ ದ್ರವ್ಯವನ್ನು ಹಿಡಿಯುವ ಆತುರದಲ್ಲಿ ನಡೆದ ಪ್ರಮಾದವೊಂದು ಇಂದಿನ ಜಾಹೀರಾತುಗಳಿಗೆ ಒಳ್ಳೆಯ ಕನ್ನಡಿ. ೧೮೮೯ರ ಜೂನ್ ೧ರಂದು ಪ್ಯಾರಿಸ್ಸಿನ ಜೀವಶಾಸ್ತ್ರ ಸಂಘದ ಸಭೆಯಲ್ಲಿ ಬ್ರೌನ್ ಸೆಕಾರ್ ಎಂಬ ಹಿರಿಯ ವಿಜ್ಞಾನಿ ಎದ್ದು ನಿಂತನು. ವಯಸ್ಸು ಎಪ್ಪತ್ತೆರಡು, ನರಮಂಡಲದ ಸಂಶೋಧನೆಯಲ್ಲಿ ಜಗತ್ತೇ ಗೌರವಿಸಿದ ವ್ಯಕ್ತಿ. ನಾಯಿಯ ಮತ್ತು ಗಿನಿ ಹಂದಿಯ ವೃಷಣಗಳನ್ನು ಅರೆದು ನೀರಿನಲ್ಲಿ ಕಲಸಿ ಸೋಸಿ ತಾನೇ ಚುಚ್ಚಿಕೊಂಡೆನೆಂದೂ, ಅದರಿಂದ ಗಂಟೆಗಟ್ಟಲೆ ನಿಂತು ಪ್ರಯೋಗ ಮಾಡುವ ಶಕ್ತಿ ಮರಳಿತೆಂದೂ, ಮೆಟ್ಟಲುಗಳನ್ನು ಓಡುತ್ತ ಹತ್ತುತ್ತೇನೆಂದೂ ಆತನು ವರದಿ ಮಾಡಿದನು. ಸುದ್ದಿ ಹಬ್ಬಿತು. ಊರೂರಿನಲ್ಲಿ ವೃಷಣಸಾರದ ಸೀಸೆಗಳು ಮಾರಾಟಕ್ಕೆ ಬಂದವು. ಮುಂದೆ ೧೯೨೦ರ ದಶಕದಲ್ಲಿ ವೊರೊನೊಫ್ ಎಂಬ ಶಸ್ತ್ರವೈದ್ಯನು ಕೋತಿಗಳ ವೃಷಣದ ಚೂರುಗಳನ್ನು ಧನಿಕ ವೃದ್ಧರಿಗೆ ಕಸಿಮಾಡಿ ಹೆಸರು ಗಳಿಸಿದನು.

ಆಸ್ಟ್ರೇಲಿಯದ ಸಂಶೋಧಕರು ಬ್ರೌನ್ ಸೆಕಾರನ ವಿಧಾನವನ್ನೇ ಅನುಸರಿಸಿ ನಾಯಿಯ ವೃಷಣಸಾರವನ್ನು ತಯಾರಿಸಿ ಅಳೆದುನೋಡಿ ತಮ್ಮ ಫಲಿತಾಂಶವನ್ನು ೨೦೦೨ರಲ್ಲಿ ಪ್ರಕಟಿಸಿದರು. ದೇಹಕ್ಕೆ ಪರಿಣಾಮವಾಗಬೇಕಾದರೆ ಬೇಕಾದ ಟೆಸ್ಟೋಸ್ಟೆರೋನಿನ ಸಾವಿರದಲ್ಲೊಂದು ಪಾಲೂ ಅದರಲ್ಲಿರಲಿಲ್ಲ. ವೃಷಣವು ಈ ಹಾರ್ಮೋನನ್ನು ಕೂಡಿಡುವುದಿಲ್ಲ, ಆಗಿಂದಾಗ್ಗೆ ರಕ್ತಕ್ಕೆ ಬಿಟ್ಟುಬಿಡುತ್ತದೆ. ಸಾಲದುದಕ್ಕೆ ಅದು ನೀರಿನಲ್ಲಿ ಕರಗುವ ಪದಾರ್ಥವೂ ಅಲ್ಲ. ಹಾಗಾದರೆ ಆ ವೃದ್ಧ ವಿಜ್ಞಾನಿ ಸುಳ್ಳು ಹೇಳಿದನೆ? ಹಾಗೆ ಭಾವಿಸಲು ಕಾರಣವಿಲ್ಲ. ಗುಣವಾಗುತ್ತದೆಂಬ ದೃಢವಾದ ನಂಬಿಕೆಯಿಂದ ದಣಿವು ಕಡಮೆಯಾದಂತೆ ತೋರುವುದುಂಟು. ದಣಿವು, ಉತ್ಸಾಹ, ನಿದ್ದೆ ಇವುಗಳ ವಿಷಯದಲ್ಲಂತೂ ಇದು ಬಹಳ ಹೆಚ್ಚು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಂಡು ಮುಂದೆ ಬರಬೇಕು.

ನಿಜವಾದ ಹಾರ್ಮೋನು ೧೯೩೫ರಲ್ಲಿ ಕೈಗೆ ಸಿಕ್ಕಿತು. ಆಮ್ಸ್ಟರ್‌ಡ್ಯಾಮಿನಲ್ಲಿ ಲಾಕರ್ ಮತ್ತು ಅವನ ಸಂಗಡಿಗರು ಸುಮಾರು ೧೦೦ ಕಿಲೋಗ್ರಾಂ ಹೋರಿಯ ವೃಷಣಗಳಿಂದ ೧೦ ಮಿಲಿಗ್ರಾಂ ಶುದ್ಧ ಹರಳನ್ನು ತೆಗೆದು ಅದಕ್ಕೆ ಟೆಸ್ಟೋಸ್ಟೆರೋನ್ ಎಂದು ಹೆಸರಿಟ್ಟರು. ಅದೇ ವರ್ಷ ಬ್ಯೂಟೆನಾಂಟ್ ಮತ್ತು ರುಜಿಚ್ಕ ಬೇರೆ ಬೇರೆಯಾಗಿ ಅದನ್ನು ಕೊಲೆಸ್ಟರಾಲಿನಿಂದ ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ೧೯೩೯ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಇವರಿಬ್ಬರಿಗೆ ಹಂಚಿಕೆಯಾಯಿತು.

ಇಲ್ಲಿ ಪಕ್ಕದ ಮಾತೊಂದು. ಶಿವಮೊಗ್ಗದ ಸಮೀಪದ ಸಕ್ರೆಬೈಲಿನ ಆನೆ ಬಿಡಾರವನ್ನು ನೋಡಿದವರು ಮದವೇರಿದ ಸಲಗವನ್ನು ಬೇರೆಯಾಗಿ ಕಟ್ಟಿರುವುದನ್ನು ಕಂಡಿರಬಹುದು. ಮದದ ಕಾಲದಲ್ಲಿ ಆನೆಯ ರಕ್ತದಲ್ಲಿ ಟೆಸ್ಟೋಸ್ಟೆರೋನ್ ಹಲವು ಮಡಿ ಏರುತ್ತದೆ. ಸೋಜಿಗವೇನೆಂದರೆ, ಹರೆಯದ ಸಲಗಗಳಿಗಿಂತ ಮೂವತ್ತು ನಲವತ್ತು ದಾಟಿದ ಸಲಗಗಳಲ್ಲಿ ಮದವು ಹೆಚ್ಚು ಕ್ರಮವಾಗಿ, ಹೆಚ್ಚು ಕಾಲ ಇರುತ್ತದೆ. ವಯಸ್ಸಾದಂತೆ ಈ ಹಾರ್ಮೋನು ಇಳಿಯಲೇಬೇಕೆಂಬ ನಿಯಮ ಪ್ರಾಣಿಲೋಕಕ್ಕೆಲ್ಲ ಒಂದೇ ಆಗಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮುಪ್ಪಿನ ಸಹಜ ದಣಿವನ್ನೂ ಹಾರ್ಮೋನಿನ ಕೊರತೆಯಿಂದಾದ ದಣಿವನ್ನೂ ಬೇರ್ಪಡಿಸುವುದು ಹೇಗೆ? ಇದಕ್ಕೆ ಮೊದಲ ಸಮರ್ಪಕವಾದ ಯತ್ನ ಮಾಡಿದವರು ಅಮೆರಿಕದ ಹೆಲ್ಲರ್ ಮತ್ತು ಮೈಯರ್ಸ್, ೧೯೪೪ರಲ್ಲಿ. ಅವರ ಯುಕ್ತಿಯನ್ನು ತಿಳಿಯಬೇಕಾದರೆ ವೃಷಣದ ಮೇಲ್ವಿಚಾರಣೆ ಹೇಗೆ ನಡೆಯುತ್ತದೆಂಬುದನ್ನು ಅರಿಯಬೇಕು. ಕೆರೆಯ ತೂಬಿನಿಂದ ಗದ್ದೆಗೆ ನೀರು ಬಿಡುವ ನೀರುಗಂಟಿಯನ್ನು ನೆನೆಯಿರಿ. ಗದ್ದೆಯಲ್ಲಿ ನೀರು ಕಡಮೆಯಾದರೆ ಅವನು ತೂಬನ್ನು ಇನ್ನಷ್ಟು ತೆರೆಯುತ್ತಾನೆ, ಹೆಚ್ಚಾದರೆ ಮುಚ್ಚುತ್ತಾನೆ. ಮೆದುಳಿನ ತಳದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯೂಟರಿ ಗ್ರಂಥಿ ಇಂಥ ನೀರುಗಂಟಿ. ರಕ್ತದಲ್ಲಿ ಟೆಸ್ಟೋಸ್ಟೆರೋನ್ ಕಡಮೆಯಾದರೆ ಅದು ಎಲ್.ಎಚ್. ಎಂಬ ಚೋದಕ ಹಾರ್ಮೋನನ್ನು ಹೆಚ್ಚಾಗಿ ಕಳುಹಿಸಿ ವೃಷಣವನ್ನು ಎಬ್ಬಿಸುತ್ತದೆ. ವೃಷಣವೇ ಕೆಟ್ಟಿದ್ದರೆ? ತೂಬನ್ನು ಎಷ್ಟು ತೆರೆದರೂ ಕೆರೆಯಲ್ಲಿ ನೀರಿಲ್ಲ; ನೀರುಗಂಟಿ ಮಾತ್ರ ತೆರೆಯುತ್ತಲೇ ಇರುತ್ತಾನೆ. ಆದುದರಿಂದ ವೃಷಣ ಸೋತವರ ದೇಹದಲ್ಲಿ ಚೋದಕ ಹಾರ್ಮೋನು ಮಿತಿಮೀರಿ ಏರಿರುತ್ತದೆ.

ಹೆಲ್ಲರ್ ಮತ್ತು ಮೈಯರ್ಸ್ ಇದನ್ನೇ ರೋಗಿಗಳ ಮೂತ್ರದಲ್ಲಿ ಅಳೆದರು. ಆಗ ರಾಸಾಯನಿಕವಾಗಿ ಅಳೆಯುವ ವಿಧಾನವಿರಲಿಲ್ಲ. ಎಳೆಯ ಇಲಿಗಳಿಗೆ ಮೂತ್ರದ ಸಾರವನ್ನು ಚುಚ್ಚಿ ಅವುಗಳಲ್ಲಾಗುವ ಬೆಳವಣಿಗೆಯಿಂದ ಲೆಕ್ಕ ಹಾಕಬೇಕಾಗಿತ್ತು. ಒಂದೇ ತೆರನಾದ ದೂರುಗಳನ್ನು ಹೇಳಿಕೊಂಡು ಬಂದ ಗಂಡಸರು ಎರಡು ಗುಂಪಾದರು. ಕೆಲವರಲ್ಲಿ ಚೋದಕ ಹಾರ್ಮೋನು ವೃಷಣ ತೆಗೆದವರಲ್ಲಿರುವಷ್ಟು ಏರಿತ್ತು. ಅವರಿಗೆ ಟೆಸ್ಟೋಸ್ಟೆರೋನ್ ಕೊಟ್ಟಾಗ ಗುಣ ಕಂಡಿತು. ಉಳಿದವರಲ್ಲಿ ಅದು ಸಹಜವಾಗಿತ್ತು. ಅವರಿಗೆ ಹಾರ್ಮೋನು ಕೊಟ್ಟು ಪ್ರಯೋಜನವಾಗಲಿಲ್ಲ, ಅವರ ತೊಂದರೆಯ ಮೂಲ ಮನಸ್ಸಿನಲ್ಲಿತ್ತು. ಗಂಡಸರೆಲ್ಲರಿಗೂ ಇಂಥ ಘಟ್ಟ ಬರುವುದಿಲ್ಲ, ಇದೊಂದು ವಿರಳ ಸ್ಥಿತಿ ಎಂದು ಅವರು ಆಗಲೇ ಬರೆದರು. ಔಷಧ ಮಾರುವವರು ಈ ಎಚ್ಚರಿಕೆಯ ಭಾಗವನ್ನು ಬಿಟ್ಟು ಉಳಿದುದನ್ನು ಓದಿಕೊಂಡರು!

ವಿರಳವೆಂದರೆ ಎಷ್ಟು ವಿರಳ? ಇದಕ್ಕೆ ಯೂರೋಪಿನ ಎಂಟು ನಗರಗಳಲ್ಲಿ ೪೦ರಿಂದ ೭೯ ವರ್ಷದ ೩,೩೬೯ ಗಂಡಸರನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದು ೨೦೧೦ರಲ್ಲಿ ಉತ್ತರ ಕೊಟ್ಟಿತು. ಹಾರ್ಮೋನಿನ ಕೊರತೆಯಿಂದ ಬರುತ್ತವೆಂದು ಹೇಳಲಾಗುತ್ತಿದ್ದ ೩೨ ಲಕ್ಷಣಗಳನ್ನು ಸಂಶೋಧಕರು ಪಟ್ಟಿಮಾಡಿ ಪ್ರತಿಯೊಬ್ಬರನ್ನೂ ಕೇಳಿದರು, ರಕ್ತವನ್ನೂ ಪರೀಕ್ಷಿಸಿದರು. ಟೆಸ್ಟೋಸ್ಟೆರೋನಿನ ಮಟ್ಟಕ್ಕೂ ಲಕ್ಷಣಕ್ಕೂ ಸಂಬಂಧ ಕಂಡುಬಂದದ್ದು ಒಂಬತ್ತರಲ್ಲಿ ಮಾತ್ರ. ಆ ಒಂಬತ್ತರಲ್ಲಿಯೂ, ಒಟ್ಟಾಗಿ ಬಂದು ಕೊರತೆಯನ್ನು ಖಚಿತವಾಗಿ ಸೂಚಿಸಿದವು ಮೂರೇ: ಕಾಮೇಚ್ಛೆ ಕುಗ್ಗುವುದು, ಬೆಳಗಿನ ಜಾವ ತಾನಾಗಿಯೇ ಉಂಟಾಗುವ ಶಿಶ್ನೋದ್ರೇಕ ವಿರಳವಾಗುವುದು, ಸಂಭೋಗಕಾಲದ ಉದ್ರೇಕ ಸಾಲದಾಗುವುದು. ಈ ಮೂರೂ ಇದ್ದು ರಕ್ತದಲ್ಲಿಯೂ ಹಾರ್ಮೋನು ಕಡಮೆಯಿದ್ದವರು ನೂರಕ್ಕೆ ಎರಡು ಮಂದಿ. ನಲವತ್ತರಿಂದ ನಲವತ್ತೊಂಬತ್ತರವರಲ್ಲಿ ಸಾವಿರಕ್ಕೆ ಒಬ್ಬ; ಐವತ್ತರ ದಶಕದವರಲ್ಲಿ ಸಾವಿರಕ್ಕೆ ಆರು; ಎಪ್ಪತ್ತರ ದಶಕದವರಲ್ಲಿಯೂ ನೂರಕ್ಕೆ ಐದು. ಇದು ಯೂರೋಪಿನ ಲೆಕ್ಕವೆಂಬುದು ನಿಜ. ಆದರೂ ನಮ್ಮ ಕುಂಸಿಯ ಗೃಹಸ್ಥರ ದಣಿವಿಗೆ ಹಾರ್ಮೋನಿನ ಕೊರತೆಯೇ ಕಾರಣವೆಂದು ರಕ್ತಪರೀಕ್ಷೆಗೆ ಮುಂಚೆ ನಿರ್ಣಯಿಸುವುದು ಎಷ್ಟು ದುಡುಕಿನ ಕೆಲಸವೆಂಬುದು ಇದರಿಂದ ತಿಳಿಯುತ್ತದೆ.

೨೦೦೦ದಲ್ಲಿ ಅಮೆರಿಕದ ವೈದ್ಯರು ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದ್ದರು. ಉತ್ತರಗಳನ್ನು ನೋಡಿ ಕೊರತೆ ಇದೆಯೋ ಇಲ್ಲವೋ ಎಂದು ಊಹಿಸುವ ಉದ್ದೇಶ. ಅದರಲ್ಲಿ ಒಂದು ಪ್ರಶ್ನೆ: ರಾತ್ರಿಯ ಊಟವಾದ ಮೇಲೆ ನಿದ್ದೆ ಹತ್ತುತ್ತದೆಯೆ? ನಮ್ಮ ಹಳ್ಳಿಗಳಲ್ಲಿ ಊಟವಾದ ಮೇಲೆ ನಿದ್ದೆ ಬಾರದವನಿಗೇ ಏನೋ ಆಗಿದೆಯೆಂದು ತಿಳಿಯುತ್ತಾರೆ. ಕೊರತೆಯಿದ್ದವರನ್ನು ಈ ಪಟ್ಟಿ ಬಹುಮಟ್ಟಿಗೆ ಹಿಡಿಯುತ್ತದೆ. ಆದರೆ ಕೊರತೆಯಿಲ್ಲದ ಎಷ್ಟೋ ಮಂದಿಯನ್ನೂ ಬಲೆಗೆ ಕೆಡವುತ್ತದೆ. ಇಂಥ ಪ್ರಶ್ನಾವಳಿಗಳ ಮೇಲೆ ಭರವಸೆಯಿಡಬಾರದೆಂಬುದೇ ಇಂದಿನ ವೈದ್ಯರ ಅಭಿಪ್ರಾಯ.

ಸಹಜವಾದ ಮುಪ್ಪಿನ ನಡೆ ಬೇರೆ. ನಲವತ್ತರ ಮೇಲೆ ಚಾಳೇಶ ಬರುತ್ತದೆ. ಸ್ನಾಯುಗಳು ವರ್ಷವರ್ಷಕ್ಕೆ ಕೊಂಚ ಕರಗುತ್ತವೆ. ಹರೆಯದಲ್ಲಿ ಅಡಿಕೆ ಮರವನ್ನು ಒಂದಾದ ಮೇಲೊಂದು ಹತ್ತಿ ಕೊನೆ ತೆಗೆಯುತ್ತಿದ್ದವನು ಐವತ್ತೈದರಲ್ಲಿ ಕೆಳಗೆ ನಿಂತು ಕೊನೆ ಹಿಡಿಯುತ್ತಾನೆ. ನಿದ್ದೆ ತೆಳುವಾಗುತ್ತದೆ. ಪ್ರಾಸ್ಟೇಟ್ ಗ್ರಂಥಿ ಊದಿ ರಾತ್ರಿ ಎರಡು ಮೂರು ಬಾರಿ ಏಳಬೇಕಾಗುತ್ತದೆ. ಇವೆಲ್ಲ ವರ್ಷಗಟ್ಟಲೆ ತೆಗೆದುಕೊಂಡು, ಎಲ್ಲ ಕಡೆಯಿಂದ ಸ್ವಲ್ಪಸ್ವಲ್ಪವಾಗಿ ಬರುತ್ತವೆ; ಕೆಲಸದ ವೇಗ ಕುಗ್ಗಿದರೂ ಕೆಲಸದ ಆಸಕ್ತಿ ಕುಗ್ಗಬೇಕೆಂದಿಲ್ಲ. ಇದೇ ಜಿಲ್ಲೆಯ ಭದ್ರಾವತಿಯಲ್ಲಿ ೧೯೨೩ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ತೊಳಲುತ್ತಿದ್ದಾಗ ಅದರ ಆಡಳಿತವನ್ನು ವಹಿಸಿಕೊಂಡ ವಿಶ್ವೇಶ್ವರಯ್ಯನವರಿಗೆ ಆಗಲೇ ಅರವತ್ತು ದಾಟಿತ್ತು. ೧೯೨೯ರವರೆಗೆ ಅದನ್ನು ನಡೆಸಿದರು. ನೂರು ತುಂಬಿದ ಮೇಲೆ ೧೯೬೨ರಲ್ಲಿ ತೀರಿಕೊಂಡರು. ಒಬ್ಬರ ಉದಾಹರಣೆಯಿಂದ ವಿಜ್ಞಾನದಲ್ಲಿ ಏನನ್ನೂ ಸ್ಥಾಪಿಸಲಾಗದು, ಅವರಂತೆ ಎಲ್ಲರೂ ಇರಬೇಕೆಂದೂ ಇಲ್ಲ. ಆದರೆ ಐವತ್ತೆರಡರಲ್ಲಿ ಒಬ್ಬಾತ ಕೆಲವೇ ತಿಂಗಳಲ್ಲಿ ಕುಸಿದು ಕುಳಿತರೆ, ಅದಕ್ಕೆ ವಯಸ್ಸೆಂಬ ಒಂದೇ ಮಾತು ಸಾಲದು.

ಇಲ್ಲಿಯೇ ಆ ಮೂರನೆಯದು ಬರುತ್ತದೆ. ದಣಿವು, ಬೇಸರ, ಕಾಮೇಚ್ಛೆಯ ಕೊರತೆ ಇವನ್ನು ತರುವ ರೋಗಗಳು ಹತ್ತಾರು. ಮೊದಲನೆಯದು ಸಿಹಿಮೂತ್ರ ರೋಗ. ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು ೧೦ ಕೋಟಿ ಜನಕ್ಕೆ ಇದು ಇದೆ. ಎಷ್ಟೋ ಮಂದಿಗೆ ತಮಗಿರುವುದೇ ಗೊತ್ತಿಲ್ಲ. ಥೈರಾಯ್ಡ್ ಗ್ರಂಥಿ ಮಂದವಾದರೆ, ರಕ್ತ ಕಡಮೆಯಾದರೆ, ಗೊರಕೆಯ ನಡುವೆ ಉಸಿರು ಕಟ್ಟುವ ನಿದ್ರಾರೋಗವಿದ್ದರೆ, ಖಿನ್ನತೆ ಕವಿದಿದ್ದರೆ, ಕುಡಿತ ಮಿತಿಮೀರಿದ್ದರೆ ಇದೇ ಚಿತ್ರ ಕಾಣುತ್ತದೆ. ಇವುಗಳಲ್ಲಿ ಕೆಲವು ಟೆಸ್ಟೋಸ್ಟೆರೋನನ್ನೂ ಇಳಿಸುತ್ತವೆಂಬುದು ತೊಡಕನ್ನು ಇನ್ನೂ ಹೆಚ್ಚಿಸುತ್ತದೆ. ಬೊಜ್ಜಿನ ಕೊಬ್ಬು ಟೆಸ್ಟೋಸ್ಟೆರೋನನ್ನು ಈಸ್ಟ್ರೋಜನ್ನಾಗಿ ಬದಲಿಸುತ್ತದೆ; ಹೊಟ್ಟೆ ಬೆಳೆದಂತೆ ಹಾರ್ಮೋನು ಇಳಿಯುತ್ತದೆ, ಹೊಟ್ಟೆ ಕರಗಿದರೆ ಮತ್ತೆ ಏರುತ್ತದೆ. ಅಂಥವರ ಕೊರತೆಯನ್ನು ಮುಪ್ಪಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಕುಂಸಿಯ ಹೆಸರು ಭೂವಿಜ್ಞಾನಿಗಳಿಗೆ ಪರಿಚಿತವಾದುದು ಮ್ಯಾಂಗನೀಸ್ ಅದಿರಿನಿಂದ. ಇಪ್ಪತ್ತನೆಯ ಶತಮಾನದ ಆರಂಭದಿಂದ ಇಲ್ಲಿ ಅದನ್ನು ಅಗೆದಿದ್ದಾರೆ. ಆದುದರಿಂದ ಇಲ್ಲಿಯ ವಾಚಕರಿಗೆ ಇನ್ನೊಂದು ಸಂಗತಿಯನ್ನು ಹೇಳುವುದು ಯುಕ್ತ. ಮ್ಯಾಂಗನೀಸ್ ಅದಿರನ್ನು ಪುಡಿಮಾಡುವ ಕೆಲಸದಲ್ಲಿ ವರ್ಷಗಟ್ಟಲೆ ಅದರ ಧೂಳನ್ನು ಉಸಿರಾಡಿದರೆ ಮೆದುಳಿಗೆ ಹಾನಿಯಾಗಬಹುದು. ೧೮೩೭ರಲ್ಲಿ ಗ್ಲಾಸ್ಗೋದಲ್ಲಿ ಕೂಪರ್ ಎಂಬ ವೈದ್ಯನು ಇಂಥ ಕೆಲಸಗಾರರನ್ನು ಕಂಡು ವರ್ಣಿಸಿದನು: ಕಾಲುಗಳಲ್ಲಿ ಬಲವಿಲ್ಲ, ನಡಿಗೆ ತೂರಾಡುತ್ತದೆ, ದನಿ ಕುಗ್ಗಿದೆ, ಮುಖದಲ್ಲಿ ಭಾವವಿಲ್ಲ. ಕಾಮೇಚ್ಛೆ ಕುಗ್ಗುವುದನ್ನೂ ಮುಂದಿನ ವೈದ್ಯರು ಗಮನಿಸಿದ್ದಾರೆ. ಇದು ಕುಂಸಿಯಲ್ಲಿ ನಡೆದಿದೆಯೆಂದು ನಾವು ಹೇಳುತ್ತಿಲ್ಲ. ಎಲ್ಲಿಯಾದರೂ ಗಣಿಯಲ್ಲಿ, ಬೆಸುಗೆಯ ಕೆಲಸದಲ್ಲಿ ದುಡಿದ ಮನುಷ್ಯನು ವೈದ್ಯರ ಬಳಿ ತನ್ನ ವಯಸ್ಸಿನ ಜೊತೆಗೆ ಕಸುಬನ್ನೂ ಹೇಳಬೇಕೆನ್ನುತ್ತೇವೆ.

ಎಲ್ಲಕ್ಕಿಂತ ಮುಖ್ಯವಾದುದು ಹೃದಯ. ಉದ್ರೇಕವಾಗಬೇಕಾದರೆ ಶಿಶ್ನಕ್ಕೆ ರಕ್ತ ನುಗ್ಗಬೇಕು. ಅಲ್ಲಿಯ ರಕ್ತನಾಳಗಳು ಒಂದೆರಡು ಮಿಲಿಮೀಟರು ದಪ್ಪ. ಹೃದಯಕ್ಕೆ ರಕ್ತ ಕೊಡುವ ನಾಳಗಳು ಮೂರು ನಾಲ್ಕು ಮಿಲಿಮೀಟರು. ಕೊಬ್ಬು ಕಟ್ಟಿಕೊಂಡು ನಾಳಗಳು ಕಿರಿದಾಗತೊಡಗಿದಾಗ ಸಣ್ಣ ನಾಳವೇ ಮೊದಲು ಸೋಲುವುದು. ಹೀಗೆ ಉದ್ರೇಕದ ತೊಂದರೆ ಹೃದಯಾಘಾತಕ್ಕಿಂತ ಎರಡು ಮೂರು ವರ್ಷ ಮುಂಚಿತವಾಗಿಯೇ ಕಾಣಿಸಿಕೊಳ್ಳುವುದುಂಟು. ನಾಚಿಕೆಯಿಂದಲೋ, "ವಯಸ್ಸಾಯಿತು" ಎಂಬ ಸಮಾಧಾನದಿಂದಲೋ ಅದನ್ನು ಮುಚ್ಚಿಟ್ಟುಕೊಂಡವನು ಆ ಎರಡು ಮೂರು ವರ್ಷಗಳನ್ನು ಕಳೆದುಕೊಳ್ಳುತ್ತಾನೆ. ಜಾಹೀರಾತನ್ನು ನಂಬಿ ಇಂಜೆಕ್ಷನ್ ಚುಚ್ಚಿಸಿಕೊಂಡವನೂ ಅದನ್ನೇ ಕಳೆದುಕೊಳ್ಳುತ್ತಾನೆ. ರಕ್ತದ ಒತ್ತಡ, ಸಕ್ಕರೆ ಇವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ನೋಡುತ್ತಾರೆ. ಪರೀಕ್ಷೆ ಅಲ್ಲಿಂದ ಮೊದಲಾಗಬೇಕು.

ಅವೆಲ್ಲ ಸರಿಯಿದ್ದು ಮೇಲೆ ಹೇಳಿದ ಮೂರು ಲಕ್ಷಣಗಳೂ ಇದ್ದರೆ ಆಗ ಹಾರ್ಮೋನಿನ ಪರೀಕ್ಷೆ. ಇದರಲ್ಲಿ ಹೊತ್ತು ಬಹು ಮುಖ್ಯ. ಟೆಸ್ಟೋಸ್ಟೆರೋನ್ ಬೆಳಗ್ಗೆ ಏರಿ ಸಂಜೆಗೆ ಇಳಿಯುತ್ತದೆ. ಊಟ ಮಾಡಿದರೂ ಇಳಿಯುತ್ತದೆ. ಜ್ವರವೋ ಬೇರೆ ಕಾಯಿಲೆಯೋ ಇದ್ದ ದಿನಗಳಲ್ಲಿ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಕುಂಸಿಯವರು ಮನೆಗೆಲಸವೆಲ್ಲ ಮುಗಿಸಿ ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಬೇರೆ ಪ್ರಯೋಗಾಲಯಕ್ಕೋ ಹೋಗಿ ರಕ್ತ ಕೊಟ್ಟರೆ, ಇಲ್ಲದ ಕೊರತೆ ಕಾಗದದಲ್ಲಿ ಕಾಣಿಸಬಹುದು. ಬೆಳಗ್ಗೆ ಎಂಟರಿಂದ ಹತ್ತರೊಳಗೆ, ಬರಿಹೊಟ್ಟೆಯಲ್ಲಿ, ಬೇರೆ ಬೇರೆಯಾದ ಎರಡು ದಿನ ಕೊಡಬೇಕು. ೧೦೦ ಮಿಲಿಲೀಟರು ರಕ್ತಸಾರದಲ್ಲಿ ಸುಮಾರು ೩೦೦ ನ್ಯಾನೊಗ್ರಾಮಿಗಿಂತ ಎರಡು ಬಾರಿಯೂ ಕೆಳಗಿದ್ದರೆ ಮಾತ್ರ ವೈದ್ಯರು ಮುಂದಿನ ಹೆಜ್ಜೆ ಇಡುತ್ತಾರೆ. ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು! ಅನಂತರ ಎಲ್.ಎಚ್. ಪರೀಕ್ಷೆ. ಅದು ಏರಿದ್ದರೆ ದೋಷ ವೃಷಣದಲ್ಲಿ. ಅದೂ ತಗ್ಗಿದ್ದರೆ ನೀರುಗಂಟಿಯೇ ಮಲಗಿದ್ದಾನೆಂದು ಅರ್ಥ. ಬೊಜ್ಜು, ಕೆಲವು ಔಷಧಗಳು, ಒಮ್ಮೊಮ್ಮೆ ಪಿಟ್ಯೂಟರಿಯ ಗಡ್ಡೆ ಇದಕ್ಕೆ ಕಾರಣ.

ಕೊರತೆ ನಿಶ್ಚಯವಾದವರಿಗೆ ಹಾರ್ಮೋನು ಕೊಟ್ಟರೆ ಫಲವೇನು? ಅಮೆರಿಕದಲ್ಲಿ ೬೫ ದಾಟಿದ, ಹಾರ್ಮೋನು ತಗ್ಗಿದ್ದ ೭೯೦ ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಟೆಸ್ಟೋಸ್ಟೆರೋನ್ ಮುಲಾಮನ್ನೂ ಉಳಿದರ್ಧಕ್ಕೆ ಬರಿಯ ಮುಲಾಮನ್ನೂ ಒಂದು ವರ್ಷ ಕೊಟ್ಟು ನೋಡಿದರು. ಯಾರಿಗೆ ಯಾವುದೆಂಬುದು ಅವರಿಗೂ ತಿಳಿಯದು, ಕೊಡುವವರಿಗೂ ತಿಳಿಯದು. ೨೦೧೬ರಲ್ಲಿ ಫಲಿತಾಂಶ ಬಂದಿತು: ಕಾಮೇಚ್ಛೆ ಮತ್ತು ಉದ್ರೇಕದಲ್ಲಿ ಸಾಧಾರಣ ಮಟ್ಟದ ಸುಧಾರಣೆ, ಮನಸ್ಸಿನ ಗೆಲುವಿನಲ್ಲಿ ಅಲ್ಪ ಸುಧಾರಣೆ, ದಣಿವಿನ ವಿಷಯದಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ. ಬ್ರೌನ್ ಸೆಕಾರನು ಕೊಂಡಾಡಿದ್ದ ಲಾಭವೇ ನಿಜವಾದ ಹಾರ್ಮೋನಿನಿಂದಲೂ ದೊರೆಯಲಿಲ್ಲವೆಂಬುದು ವಿಚಿತ್ರ. ೨೦೨೩ರಲ್ಲಿ ೫,೦೦೦ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಇನ್ನೊಂದು ಪರೀಕ್ಷೆಯ ಫಲ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯು ಇವು ಹೆಚ್ಚಾಗಲಿಲ್ಲ. ಹೃದಯದ ಬಡಿತ ತಾಳತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರಪಿಂಡದ ಹಾನಿ ಇವು ಹಾರ್ಮೋನು ಪಡೆದವರಲ್ಲಿ ಕೊಂಚ ಹೆಚ್ಚಾಗಿ ಕಂಡವು.

ಕಾಲೇಜಿನ ವಾಚಕರಿಗೆ ನೇರವಾಗಿ ಸೇರಿದ ಮಾತೊಂದು ಉಳಿದಿದೆ. ಮೈಕಟ್ಟು ಬೆಳೆಸುವ ಹುಮ್ಮಸ್ಸಿನಲ್ಲಿ ಇದೇ ಹಾರ್ಮೋನನ್ನು ವ್ಯಾಯಾಮಶಾಲೆಗಳಲ್ಲಿ ಚುಚ್ಚಿಸಿಕೊಳ್ಳುವ ಹುಡುಗರಿದ್ದಾರೆ. ಹೊರಗಿನಿಂದ ನೀರು ಹರಿದುಬಂದರೆ ನೀರುಗಂಟಿ ಏನು ಮಾಡಿಯಾನು? ತೂಬನ್ನು ಮುಚ್ಚಿಬಿಡುತ್ತಾನೆ. ಎಲ್.ಎಚ್. ನಿಲ್ಲುತ್ತದೆ, ವೃಷಣಗಳು ಕುಗ್ಗುತ್ತವೆ, ರೇತಸ್ಸಿನ ಜೀವಾಣುಗಳು ಕೆಲವೇ ತಿಂಗಳಲ್ಲಿ ಇಲ್ಲವೆನ್ನುವಷ್ಟು ಇಳಿಯುತ್ತವೆ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಅವು ಮರಳಲು ಬಹುಮಂದಿಗೆ ಆರು ತಿಂಗಳಿಂದ ಒಂದು ವರ್ಷ ಬೇಕು, ಕೆಲವರಿಗೆ ಅದಕ್ಕೂ ಹೆಚ್ಚು. ಆ ಅವಧಿಯಲ್ಲಿ ಇಪ್ಪತ್ತೆರಡರ ಯುವಕನ ರಕ್ತದಲ್ಲಿ ಎಪ್ಪತ್ತರ ಮುದುಕನಿಗಿಂತ ಕಡಮೆ ಟೆಸ್ಟೋಸ್ಟೆರೋನ್ ಇರುವುದುಂಟು.